ಕೆಳಗಿನ ಎಡಮೂಲೆ

ಅವರು ನಮ್ಮ ಮನೆಗೆ ಮೊದಲ ಸಲ ಬಂದಾಗ ಮಾಡಿದ್ದು ಇಷ್ಟು: ಬೂಟು ಕಳಚಿದರು, ಕೈ ತೊಳೆದರು, ಕಂಪ್ಯೂಟರಿನ ಮುಂದೆ ಮಂಡಿಯೂರಿ ಅದರ ಪೆಟ್ಟಿಗೆಗೆ ಕಿವಿಯಿಟ್ಟರು. ಹಾಗೆಯೇ ಎರಡು ನಿಮಿಷ ಕೂತರು. ನಾನೂ ನನ್ನ ಹೆಂಡತಿಯೂ ಆಪರೇಷನ್ ಕೊಠಡಿಯ ಹೊರಗಿನ ನೆಂಟರ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದೆವು. ಕೊನೆಗೆ ತಲೆಯೆತ್ತಿ, "ಇದ್ರಲ್ಲಿ ಮೂರು ಫ್ಯಾನ್ ಉಂಟು. ಎರಡು ತಿರುಗ್ತಾ ಉಂಟು. ಮೂರನೆಯದ್ದು ತಿರುಗ್ತೇನೆ ಅಂತ ಹೇಳ್ತಾ ಮಾತ್ರ ಉಂಟು," ಎಂದರು.

ಇದು ಎರಡು ಸಾವಿರದ ಮೂರನೆಯ ಇಸವಿಯ ಮಾತು. ನಾವು ಅಮೆರಿಕಕ್ಕೆ, ಅಟ್ಲಾಂಟಾದ ಪಕ್ಕದ ಅಲ್ಫರೆಟಾಕ್ಕೆ, ಹೊಸದಾಗಿ ಬಂದಿದ್ದೆವು. ವಾರದ ಐದು ದಿನ ನಾನು ಒಂದು ಕಂಪನಿಯ ಡೇಟಾಬೇಸ್ ಕಾಯುತ್ತಿದ್ದೆ. ಉಳಿದೆರಡು ದಿನ ಮನೆಯ ಡೆಸ್ಕ್‌ಟಾಪಿನಲ್ಲಿ ವಿಮಾನ ಹಾರಿಸುತ್ತಿದ್ದೆ. ವಯಸ್ಸು ನಲವತ್ತಾರು, ತಲೆಯಲ್ಲಿ ಕೂದಲು ವಿರಳ, ಸಂಧ್ಯಾವಂದನೆ ತಪ್ಪಿಸಿದವನಲ್ಲ. ಇಂಥ ಮನುಷ್ಯನಿಗೆ ಈ ಚಟ ಹೇಗೆ ಹತ್ತಿತೆಂಬುದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಆ ಆಟಕ್ಕೆಂದೇ ದೊಡ್ಡದು ನೋಡಿ ಹಾಕಿಸಿದ್ದೆ. ವಿಮಾನ ಏರುತ್ತಿತ್ತು, ಮೋಡ ದಾಟುತ್ತಿತ್ತು. ಇಳಿಯುವ ಹೊತ್ತಿಗೆ, ರನ್‌ವೇ ಕಣ್ಣಿಗೆ ಬಿತ್ತೆನ್ನುವಾಗ, ಪರದೆಯ ತುಂಬ ಬಣ್ಣಬಣ್ಣದ ಗೀರುಗಳೆದ್ದು ಯಂತ್ರ ಮರಗಟ್ಟುತ್ತಿತ್ತು. ಒಂದು ತಿಂಗಳಲ್ಲಿ ನಾನು ಕಳೆದುಕೊಂಡ ಪ್ರಯಾಣಿಕರನ್ನು ನೆನೆದರೆ ಈಗಲೂ ಸೂತಕವೆನಿಸುತ್ತದೆ.

"ಲ್ಯಾಂಡ್ ಮಾಡಕ್ಕೆ ಬರದೇ ಇದ್ರೆ ಯಾಕ್ರೀ ಟೇಕಾಫ್ ಮಾಡ್ತೀರಾ?" ಎಂದು ನನ್ನ ಹೆಂಡತಿ ಕೇಳಿದ್ದಳು. ಆಮೇಲೆ ಅವಳೇ ಹತ್ತಿರದ ಊರು ನಾರ್‌ಕ್ರಾಸಿನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತ ವಿಚಾರಿಸಿ, "ಮಂಗಳೂರು ಕಡೆಯವರೊಬ್ರು ಇದಾರಂತೆ, ಎಂಥ ಕಂಪ್ಯೂಟರಾದ್ರೂ ರಿಪೇರಿ ಮಾಡ್ತಾರಂತೆ, ದುಡ್ಡು ಮಾತ್ರ ಮುಟ್ಟಲ್ವಂತೆ," ಎಂಬ ಸುದ್ದಿ ತಂದಳು. ಹಾಗೆ ಬಂದವರು ಅವರು.

ಸ್ಕ್ರೂ ಬಿಚ್ಚಿ, ಕಾರ್ಡನ್ನು ಎರಡು ಬೆರಳಲ್ಲಿ ಹೊರತೆಗೆದು, ಅದರ ಪುಟ್ಟ ಫ್ಯಾನನ್ನು ಮೂಗಿನ ಹತ್ತಿರ ಹಿಡಿದರು. ಫ್ಯಾನಿನ ರೆಕ್ಕೆಗಳಿಗೆ ಕಂದು ಅಂಟು ಮೆತ್ತಿಕೊಂಡಿತ್ತು.

"ಗಂಧದ ಕಡ್ಡಿಯಾ ಅಮ್ಮ?"

ನನ್ನ ಹೆಂಡತಿ ಹೌದೆಂದಳು. ನಮ್ಮ ದೇವರ ಗೂಡು ಕಂಪ್ಯೂಟರ್ ಮೇಜಿಗೆ ಅಂಟಿಕೊಂಡೇ ಇತ್ತು. ಆ ಮನೆ ಕಟ್ಟಿದವನಿಗೆ ದೇವರ ಕೋಣೆಯ ಕಲ್ಪನೆ ಇಲ್ಲದ್ದರಿಂದ ದೇವರೂ ನಾನೂ ಒಂದೇ ಕೋಣೆಯಲ್ಲಿ ಆಫೀಸು ನಡೆಸುತ್ತಿದ್ದೆವು.

"ಒಳ್ಳೆ ಕ್ವಾಲಿಟಿ," ಎಂದರು ಅವರು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ನಮ್ಮ ಇಗರ್ಜಿಯಲ್ಲೂ ಧೂಪ ಹಾಕ್ತಾರೆ. ಆದ್ರೆ ಫಾದರ್ ಅದನ್ನು ಕಂಪ್ಯೂಟರಿಗೆ ತೋರಿಸುದಿಲ್ಲ."

ಫ್ಯಾನು ನಿಂತಿದ್ದರಿಂದ ಕಾರ್ಡು ಕಾದು ಕುಸಿಯುತ್ತಿತ್ತು, ಅಷ್ಟೆ. ದೇವರ ಗೂಡು ಮೇಲಿನ ಮಹಡಿಗೆ ಹೋಯಿತು. ನನ್ನ ವಿಮಾನ ಇಳಿಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಊಟದ ಡಬ್ಬಿಯ ಮೇಲೂ ಹೆಸರು ಬರೆಯದ ಮನುಷ್ಯ ಅವರು. ನಮ್ಮವರ ಮಕ್ಕಳೆಲ್ಲ ಅವರನ್ನು 'ಫ್ಯಾನ್ ಅಂಕಲ್' ಎನ್ನುತ್ತಿದ್ದವು. ಕೆಟ್ಟ ಯಂತ್ರದ ಒಂದು ಪಕ್ಕ ಬಿಚ್ಚಿ, ಅದರ ಹೊಟ್ಟೆಗೆ ನೇರವಾಗಿ ಮನೆಯ ದೊಡ್ಡ ಫ್ಯಾನು ತಿರುಗಿಸಿ, ಕಾವಿನ ಕಾಯಿಲೆಯೋ ಬೇರೆಯದೋ ಎಂದು ತೀರ್ಮಾನಿಸುವುದು ಅವರ ಮೊದಲ ಪರೀಕ್ಷೆ. ಊರಲ್ಲಿ ಟೀವಿ ರಿಪೇರಿ ಮಾಡುತ್ತಿದ್ದರಂತೆ. ಆಮೇಲೆ ಗಲ್ಫಿನಲ್ಲಿ ಅದೇ ಕೆಲಸ. ಹೆಂಡತಿ ನರ್ಸು, ಆಕೆಗೆ ಅಟ್ಲಾಂಟಾದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಾಗ ಹಿಂದೆಯೇ ಬಂದು, ನಾರ್‌ಕ್ರಾಸಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡ್ ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದರು. ನಾನು ಕಂಡಾಗ ಐವತ್ತೆಂಟು ದಾಟಿತ್ತು. ಅರ್ಧ ತೋಳಿನ ಅಂಗಿ. ಜೇಬಿನಲ್ಲಿ ಒಂದು ಪುಟ್ಟ ಟಾರ್ಚು, ಮಕ್ಕಳು ಚಿತ್ರ ಬರೆಯುವ ಕುಂಚ, ನೀಲಿ ರಟ್ಟಿನ ನೋಟ್‌ಬುಕ್ಕು.

ಆ ನೋಟ್‌ಬುಕ್ಕಿನಲ್ಲಿ ಪ್ರತಿ ಯಂತ್ರಕ್ಕೂ ಪುಟಗಳಿದ್ದವು. ಕಾಯಿಲೆ ಏನು, ಎಷ್ಟು ಗಂಟೆಗೆ ಬಂತು, ಏನು ಬದಲಾಯಿಸಿದ್ದು, ಆಮೇಲೇನಾಯಿತು. ಎಲ್ಲವೂ ಕನ್ನಡದಲ್ಲಿ, ಶಾಲೆಯ ಕಾಪಿ ಪುಸ್ತಕದಂಥ ದುಂಡಕ್ಷರದಲ್ಲಿ. ಒಮ್ಮೆ ನಾನು ಅವಸರಪಟ್ಟು, "ಡ್ರೈವರ್ ಅಪ್‌ಡೇಟ್ ಮಾಡಿ ಪವರ್ ಸಪ್ಲೈನೂ ಚೇಂಜ್ ಮಾಡ್ಬಿಡೋಣ ಸಾರ್, ಒಂದೇ ಸಲಕ್ಕೆ ಮುಗೀತದೆ," ಎಂದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನನ್ನು ನೋಡಿದರು.

"ನೀನು ಎಂಜಿನಿಯರಲ್ವಾ ಮಾರಾಯ? ಒಮ್ಮೆಗೆ ಒಂದು. ಎರಡು ಬದಲಾಯಿಸಿದ್ರೆ ಯಾವ್ದರಿಂದ ಸರಿ ಆಯ್ತು ಅಂತ ದೇವರಿಗೂ ಗೊತ್ತಾಗುದಿಲ್ಲ."

"ಸರಿ ಆದ್ರೆ ಸಾಕಲ್ವಾ ಸಾರ್?"

"ಅದು ಸರಿ ಆದದ್ದಲ್ಲ. ಸುಮ್ಮನಾದದ್ದು."

ನಾನು ಶಿಷ್ಯನಾದದ್ದು ಹಾಗೆ. ಶನಿವಾರ ಬೆಳಿಗ್ಗೆ ಅವರ ಮನೆಯ ನೆಲಮಾಳಿಗೆಗೆ ಹೋಗುವುದು, ಅವರು ಬಿಚ್ಚಿದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಕುಳಿಗಳಲ್ಲಿ ವಿಂಗಡಿಸಿಡುವುದು. ಅದಕ್ಕೆಂದೇ ಒಂದು ಹಳೆಯ ಇಡ್ಲಿ ತಟ್ಟೆ ಮೀಸಲಾಗಿತ್ತು. ನಾಲ್ಕು ವರ್ಷದಲ್ಲಿ ನನಗೆ ಅದಕ್ಕಿಂತ ಮೇಲಿನ ಹುದ್ದೆ ಸಿಗಲಿಲ್ಲ; ನಾನು ಕೇಳಲೂ ಇಲ್ಲ.

ಹನ್ನೊಂದಕ್ಕೆ ಅವರ ಹೆಂಡತಿ ಮೆಟ್ಟಿಲಿಳಿದು ಚಹಾ ತರುತ್ತಿದ್ದರು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಗಂಡನ ಆರೋಗ್ಯದ ಮೇಲೆ ಕಣ್ಣಿಟ್ಟ ನರ್ಸು ಮಾಡಿದ ಚಹಾ. ಅದರಲ್ಲಿ ಸಕ್ಕರೆ ಒಂದು ವದಂತಿಯಂತಿರುತ್ತಿತ್ತು. "ಸಕ್ಕರೆ ಸರಿಯುಂಟಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. "ಸರಿಯಾಗಿದೆ ಅಕ್ಕ," ಎಂದು ಪ್ರತಿ ಸಲವೂ ಹೇಳುತ್ತಿದ್ದೆ. ಬಡಿಸಿದವರು ಕೇಳಿದರೆ ಸರಿಯಾಗಿದೆ ಎನ್ನುವುದು ನಾನು ಬೆಳೆದ ಮನೆಯಲ್ಲಿ ಸತ್ಯಾಸತ್ಯದ ವ್ಯಾಪ್ತಿಗೆ ಬರುವ ವಿಷಯವಾಗಿರಲಿಲ್ಲ.

ಆ ನೆಲಮಾಳಿಗೆಯಲ್ಲಿ ನಾನು ಕಲಿತ ಎರಡು ಸಂಗತಿಗಳನ್ನು ಹೇಳಬೇಕು.

ಮೊದಲನೆಯದು ಅವರ ಪಾಠ. ಪರದೆಯಲ್ಲಿ ಗೀರು ಬಂದರೆ ತಪ್ಪು ಮಾನಿಟರಿನದೋ ಕಾರ್ಡಿನದೋ? ಅವರು ಒಂದೇ ಕಾರ್ಡಿಗೆ ಎರಡು ಮಾನಿಟರ್ ಜೋಡಿಸುತ್ತಿದ್ದರು. "ಒಂದ್ರಲ್ಲಿ ಮಾತ್ರ ಗೀರು ಬಂದ್ರೆ ಆ ಮಾನಿಟರ್ ಹಾಳು. ಎರಡ್ರಲ್ಲೂ ಒಂದೇ ಜಾಗದಲ್ಲಿ ಒಂದೇ ಗೀರು ಬಂದ್ರೆ, ಪಾಪ, ಮಾನಿಟರಿಗೆ ಬೈಬೇಡ. ಹಿಂದೆ ಕೂತವನನ್ನು ಹಿಡಿ."

ಎರಡನೆಯದು ಅವರು ಕಲಿಸಿದ್ದಲ್ಲ, ನಾನೇ ಕಲಿತ ದುರಭ್ಯಾಸ. ಅವರ ಕಣ್ಣು ಅಸಾಧ್ಯದ ಕಣ್ಣು. ಕಾರ್ಡು ಪೂರ್ತಿ ಕೆಡುವುದಕ್ಕೆ ವಾರಗಳ ಮುಂಚೆಯೇ ಪರದೆಯ ಯಾವುದೋ ಮೂಲೆಯಲ್ಲಿ ಒಂದು ಚುಕ್ಕೆ ಮಿಣುಕುವುದನ್ನು ಹಿಡಿಯುತ್ತಿದ್ದರು. "ಅಲ್ಲಿ ನೋಡು, ಚಿತ್ರದ ಆ ಎಲೆಯ ಪಕ್ಕ." ಮೊದಮೊದಲು ನಾನು "ಇಲ್ಲ ಸಾರ್, ಏನೂ ಕಾಣ್ತಿಲ್ಲ," ಎನ್ನುತ್ತಿದ್ದೆ. "ನೋಡು, ನೋಡು," ಎನ್ನುತ್ತಿದ್ದರು. ಒಂದು ನಿಮಿಷ ಕಣ್ಣು ನೆಟ್ಟರೆ ನಿಜಕ್ಕೂ ಚುಕ್ಕೆ ಕಾಣುತ್ತಿತ್ತು. ಒಂದು ಸಲವೂ ಅವರು ಹೇಳಿದ್ದು ಸುಳ್ಳಾಗಲಿಲ್ಲ. ಹಾಗಾಗಿ ವರ್ಷ ಕಳೆದಂತೆ ನನ್ನ "ಹೌದು ಸಾರ್" ಒಂದು ನಿಮಿಷದಿಂದ ಅರ್ಧ ನಿಮಿಷಕ್ಕೆ, ಅರ್ಧದಿಂದ ಕಾಲಿಗೆ ಇಳಿಯಿತು. ಕೊನೆಕೊನೆಗೆ ಚುಕ್ಕೆಗಿಂತ ಮೊದಲೇ ಬಂದುಬಿಡುತ್ತಿತ್ತು.

ಎರಡು ಸಾವಿರದ ಏಳನೆಯ ಇಸವಿಯ ಜನವರಿಯಲ್ಲಿ ಒಂದು ಶನಿವಾರ ಅವರೇ ಫೋನ್ ಮಾಡಿದರು. ಅದುವರೆಗೆ ಅವರು ನನ್ನನ್ನು ಕರೆದದ್ದಿಲ್ಲ, ನಾನೇ ಹೋಗುತ್ತಿದ್ದೆ.

"ಸ್ವಲ್ಪ ಬರ್ಲಿಕ್ಕೆ ಆಗ್ತದಾ? ನನ್ನದೇ ಮೆಷಿನು. ಇನ್ನೊಂದು ಜೊತೆ ಕಣ್ಣು ಬೇಕು."

ಜಿಎ-400 ಹೆದ್ದಾರಿಯಲ್ಲಿ ಹೋಗುವಾಗ ನನಗೆ ಹೆಮ್ಮೆಯೋ ಹೆಮ್ಮೆ. ಇಡ್ಲಿ ತಟ್ಟೆಯಿಂದ ಬಡ್ತಿ ಸಿಕ್ಕಿತೆಂದುಕೊಂಡೆ.

ಅವರ ಯಂತ್ರ ಮೇಜಿನ ಮೇಲೆ ಪಕ್ಕ ತೆರೆದುಕೊಂಡು ಕೂತಿತ್ತು, ಫ್ಯಾನು ಅದರ ಹೊಟ್ಟೆಗೆ ಬೀಸುತ್ತಿತ್ತು. ಆರು ವಾರದಿಂದ ತೊಂದರೆ ಎಂದರು. ಬಣ್ಣದ ಅಂಕುಡೊಂಕು ಗೆರೆಗಳು ಎದ್ದು, ಒಂದೆರಡು ನಿಮಿಷ ಕುಣಿದು, ತಾವಾಗಿಯೇ ಹೋಗುತ್ತವೆ. ಯಾವಾಗಲೂ ಕೆಳಗಿನ ಎಡಮೂಲೆ. ಡ್ರೈವರ್ ಬದಲಾಯಿಸಿದ್ದಾಯಿತು, ಕೇಬಲ್ ಆಯಿತು, ಪವರ್ ಸಪ್ಲೈ ಆಯಿತು. ಒಮ್ಮೆಗೆ ಒಂದೊಂದೇ. ಆದರೂ ಹೋಗಿಲ್ಲ.

ಅಕ್ಕ ಆ ದಿನ ಚಹಾ ತಂದಿಟ್ಟು ಮೇಲೆ ಹೋಗಲಿಲ್ಲ. ಮೆಟ್ಟಿಲ ಬಳಿಯೇ ನಿಂತರು. "ನಂಗೆ ಎಂಥದೂ ಕಾಣುದಿಲ್ಲ ಮಾರಾಯ್ರೆ. ಕಣ್ಣಿನ ಡಾಕ್ಟ್ರಿಗೆ ತೋರಿಸುವ ಅಂತ ಹೇಳಿ ಹೇಳಿ ಸಾಕಾಯ್ತು ನಂಗೆ."

"ನೀನು ಟೀವಿಯಲ್ಲಿ ಧಾರಾವಾಹಿ ನೋಡುವವಳು. ನಿಂಗೆ ಕಾಣುದು ಅಳುವವರು ಮಾತ್ರ," ಎಂದರು ಅವರು. ನಾನು ನಕ್ಕೆ. ಅಕ್ಕ ನಗಲಿಲ್ಲ.

ಇಪ್ಪತ್ತು ನಿಮಿಷ ಮೂವರೂ ಪರದೆಯನ್ನೇ ನೋಡಿದೆವು. ಅದರ ಮೇಲೆ ಬೂದು ಬಣ್ಣವೊಂದನ್ನು ಬಿಟ್ಟು ಏನೂ ಇರಲಿಲ್ಲ. ಇದ್ದಕ್ಕಿದ್ದಂತೆ ಅವರ ಕೈ ನನ್ನ ಮೊಣಕೈ ಹಿಡಿಯಿತು.

"ಬಂತು. ಕಾಣ್ತದಾ?"

ಅವರು ಯಾವಾಗಲೂ "ನೋಡು" ಎನ್ನುತ್ತಿದ್ದವರು. ಆ ದಿನ "ಕಾಣ್ತದಾ" ಎಂದು ಕೇಳಿದರು. ಈ ವ್ಯತ್ಯಾಸ ನನ್ನ ಗಮನಕ್ಕೆ ಬಂದದ್ದು ಆಮೇಲೆ, ಬಹಳ ಆಮೇಲೆ.

"ಹೌದು ಸಾರ್, ಕಾಣ್ತಿದೆ," ಎಂದೆ.

"ಯಾವ ಬಣ್ಣ?"

ಪರದೆ ಬೂದಾಗಿತ್ತು. ತುಂಬ ಸ್ವಚ್ಛವಾದ, ಒಂದು ಗೀರೂ ಇಲ್ಲದ ಬೂದು. "ಸ್ವಲ್ಪ... ಹಸಿರು ಥರ."

"ಹಸಿರಾ? ನಂಗೆ ಹಳದಿ ಕಾಣ್ತಾ ಉಂಟು."

"ಹಾಂ ಸಾರ್, ಹಳದೀನೇ. ಅಂಚು ಮಾತ್ರ ಹಸಿರು."

ಅವರು ಎದೆಯಲ್ಲಿ ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರನ್ನು ಹೊರಬಿಟ್ಟರು. ಮೆಟ್ಟಿಲ ಕಡೆ ತಿರುಗಿ, "ಕೇಳಿದಿಯಲ್ಲ? ನೀನು ನರ್ಸ್. ಇವ ಎಂಜಿನಿಯರ್. ಇವನಿಗೂ ಕಂಡಿತು. ಕಣ್ಣಲ್ಲ, ಕಾರ್ಡು!" ಎಂದರು. ಆ ದಿನ ಅವರು ನಕ್ಕಷ್ಟು ಎಂದೂ ನಕ್ಕದ್ದನ್ನು ನಾನು ನೋಡಿಲ್ಲ. ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿಯ ಡಬ್ಬಿ ಕೆಳಗೆ ಬಂತು. ನನ್ನ ಭುಜ ತಟ್ಟಿ ತಟ್ಟಿ ತಿನ್ನಿಸಿದರು. ಸಕ್ಕರೆ ಸರಿಯುಂಟಾ ಎಂದು ಆ ದಿನ ಯಾರೂ ಕೇಳಲಿಲ್ಲ. ಅಕ್ಕ ಖಾಲಿ ತಟ್ಟೆ ಎತ್ತಿಕೊಂಡು ನನ್ನನ್ನೇ ಒಂದು ಕ್ಷಣ ನೋಡಿ ಮೇಲೆ ಹೋದರು.

ಹೊಸ ಕಾರ್ಡು ತರಿಸಿ ಹಾಕಿದರು. ಗೆರೆಗಳು ಹೋಗಲಿಲ್ಲ. ಬೋರ್ಡು ಬದಲಾಯಿಸಿದರು. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಕಾರನ್ನು ಒಳಗೆ ತರುವಾಗ ಗ್ಯಾರೇಜಿನ ಎಡ ಚೌಕಟ್ಟಿಗೆ ಎರಡು ಸಲ ಉಜ್ಜಿದರು. "ಈ ಅಮೆರಿಕದವರು ಬಾಗಿಲು ಸಣ್ಣ ಮಾಡ್ತಾರೆ," ಎಂದರು. ಊಟದ ತಟ್ಟೆಯ ಎಡಭಾಗದ ಪಲ್ಯ ಹಾಗೇ ಉಳಿಯುತ್ತಿತ್ತಂತೆ. ರುಚಿಯಾಗಿಲ್ಲವೇನೋ ಎಂದು ಅಕ್ಕ ಉಪ್ಪುಖಾರ ತಿದ್ದುತ್ತಿದ್ದರಂತೆ. ಮೇ ತಿಂಗಳಲ್ಲಿ ಒಂದು ಭಾನುವಾರ, ಇಗರ್ಜಿಯಲ್ಲಿ ಎಲ್ಲರೂ ಎದ್ದು ನಿಂತ ಹೊತ್ತಿನಲ್ಲಿ, ಅವರು ಕುಸಿದುಬಿದ್ದರು, ಮೈ ಸೆಟೆದುಕೊಂಡಿತು.

ಆಸ್ಪತ್ರೆಯಲ್ಲಿ ಡಾಕ್ಟರು ತಲೆಯ ಚಿತ್ರವನ್ನು ಮಾನಿಟರಿನಲ್ಲಿ ತೋರಿಸಿದರು. ನೋಟವನ್ನು ಜೋಡಿಸುವ ಜಾಗ ತಲೆಯ ಹಿಂಭಾಗದಲ್ಲಿರುತ್ತದಂತೆ. ಅಲ್ಲಿ, ಬಲಗಡೆ, ಗಡ್ಡೆ. ಬಲಗಡೆ ಕೆಟ್ಟರೆ ಎರಡೂ ಕಣ್ಣಿಗೆ ಎಡಗಡೆಯದೇ ತೊಂದರೆ. ಅದು ಮೊದಲು ಬಣ್ಣದ ಗೆರೆಗಳಾಗಿ ಕಾಣಿಸಿಕೊಳ್ಳುವುದುಂಟು. ಇನ್ನೂ ಬೇಗ ಬಂದಿದ್ದರೆ ಎಂದು ಅಕ್ಕ ಕೇಳಿದ್ದಕ್ಕೆ ಡಾಕ್ಟರು, ಹೇಳುವುದು ಕಷ್ಟ, ಬಹುಶಃ ಇನ್ನಷ್ಟು ಕಾಲ ಸಿಗುತ್ತಿತ್ತು ಎಂದರು. ನಾನು ಬಾಗಿಲ ಬಳಿ ಹೂವಿನ ಗೊಂಚಲು ಹಿಡಿದು ನಿಂತಿದ್ದೆ.

ಡಾಕ್ಟರು ಹೋದ ಮೇಲೆ ಅವರು ನನ್ನನ್ನು ಹತ್ತಿರ ಕರೆದರು. ಬಲಗಡೆಯಿಂದ ಬಾ ಎಂದು ಕೈಸನ್ನೆ ಮಾಡಿದರು.

"ಆ ಮಾನಿಟರಿನ ಬ್ರೈಟ್‌ನೆಸ್ ಜಾಸ್ತಿ ಇಟ್ಟಿದ್ದಾರೆ. ಹೇಳ್ಬೇಕು ಅವರಿಗೆ."

"ಹೇಳ್ತೀನಿ ಸಾರ್."

"ನಾನು ಒಂದು ಕಣ್ಣು ಮುಚ್ಚಿ ನೋಡಿದ್ದೆ ಗೊತ್ತುಂಟಾ? ಬಲದ್ದು ಮುಚ್ಚಿದ್ರೂ ಕಾಣ್ತಿತ್ತು, ಎಡದ್ದು ಮುಚ್ಚಿದ್ರೂ ಕಾಣ್ತಿತ್ತು. ಎರಡು ಕಣ್ಣು ಒಟ್ಟಿಗೇ ಹಾಳಾಗ್ಲಿಕ್ಕೆ ಉಂಟಾ, ಆದ್ದರಿಂದ ಕಂಪ್ಯೂಟರೇ ಅಂತ ಮಾಡಿದೆ." ಬೆರಳಿಂದ ತಲೆಯ ಹಿಂಭಾಗ ಮುಟ್ಟಿ ತೋರಿಸಿದರು. "ಎರಡು ಮಾನಿಟರಿನಲ್ಲಿ ಒಂದೇ ಗೀರು. ನಿಂಗೆ ಪಾಠ ಮಾಡಿದವ ನಾನೇ. ಹಿಂದೆ ಕೂತವನನ್ನು ಹಿಡೀಲಿಕ್ಕೆ ಮರ್ತೆ."

"ಸಾರ್, ಅವತ್ತು ನಾನು—" ಎಂದೆ.

"ಬ್ರೈಟ್‌ನೆಸ್ ಹೇಳು ಮೊದ್ಲು," ಎಂದು ಕಣ್ಣು ಮುಚ್ಚಿದರು.

ಅವತ್ತಿನ ಸುಳ್ಳನ್ನು ಹೇಳಬೇಕಾದವನು ಹೇಳಲಿಲ್ಲ. ಆಮೇಲೆ ಆಪರೇಷನ್, ಕಿರಣ ಚಿಕಿತ್ಸೆ, ವಾಕರ್, ಗಾಲಿಕುರ್ಚಿ. ಪ್ರತಿ ಶನಿವಾರವೂ ಹೇಳಿಯೇಬಿಡುತ್ತೇನೆಂದು ಹೊರಡುತ್ತಿದ್ದೆ. ಹವಾಮಾನದ ಬಗ್ಗೆ ಮಾತಾಡಿ ಹಿಂದಿರುಗುತ್ತಿದ್ದೆ. ಅಕ್ಟೋಬರಿನಲ್ಲಿ ಅವರು ಹೋದರು. ಇಗರ್ಜಿಯಲ್ಲಿ ಧೂಪ ಹಾಕಿದಾಗ ನನ್ನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು, ಮೂಗು ಸೋರುತ್ತಿದ್ದರೂ, "ಇಲ್ಲಿ ಹತ್ರದಲ್ಲಿ ಕಂಪ್ಯೂಟರ್ ಏನೂ ಇಲ್ಲ ತಾನೆ?" ಎಂದಳು. ಅಳುವಾಗ ನಗಿಸುವುದನ್ನು ಅವಳು ಅವರಿಂದಲೇ ಕಲಿತಿದ್ದಳು.

ಒಂದು ತಿಂಗಳ ಮೇಲೆ ಅಕ್ಕ ಫೋನ್ ಮಾಡಿದರು. ನೆಲಮಾಳಿಗೆಯಲ್ಲಿ ಜನರ ಮೆಷಿನುಗಳು ಇನ್ನೂ ಇವೆ, ಯಾರದ್ದು ಯಾರಿಗೆಂದು ನೋಟ್‌ಬುಕ್ ನೋಡಿ ವಿಂಗಡಿಸಿಕೊಡಿ ಎಂದರು. ಶನಿವಾರ ಬೆಳಿಗ್ಗೆ ಹೋದೆ. ಇಡ್ಲಿ ತಟ್ಟೆಯಲ್ಲಿ ಸ್ಕ್ರೂಗಳು ನಾನು ಇಟ್ಟ ಹಾಗೆಯೇ ಇದ್ದವು. ನಾಲ್ಕು ಯಂತ್ರಗಳಿಗೆ ಚೀಟಿ ಅಂಟಿಸಿ ಮುಗಿಸುವಷ್ಟರಲ್ಲಿ ಅಕ್ಕ ಚಹಾ ತಂದರು. ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದು ಪುಟ ತೆರೆದು, ಹಿಂದಕ್ಕೆ ಕೊಟ್ಟರು.

"ಇದನ್ನೂ ಓದಿ. ನಿಮ್ಮ ಹೆಸರು ಉಂಟು."

ಅವರ ಸ್ವಂತ ಯಂತ್ರದ ಪುಟ. ದುಂಡಕ್ಷರ. ಬಲಗಣ್ಣು ಮುಚ್ಚಿ: ಇದೆ. ಎಡಗಣ್ಣು ಮುಚ್ಚಿ: ಇದೆ. ಗೋಡೆ ನೋಡಿದಾಗ: ಸ್ವಲ್ಪ ಹೊತ್ತು ಇದ್ದ ಹಾಗೆ, ಬೆಳಕು ನೋಡಿದ ಕಣ್ಣಿಗೆ ಅದು ಸಹಜ. ಅವಳು ಡಾಕ್ಟರಿಗೆ ತೋರಿಸು ಎನ್ನುತ್ತಾಳೆ. ಸೋಮವಾರಕ್ಕೆ ಸಮಯ ತೆಗೆದುಕೊಂಡಿದ್ದೇನೆ, ಅವಳಿಗೆ ಹೇಳಿಲ್ಲ. ಅದರ ಕೆಳಗೆ ಆ ಶನಿವಾರದ ಬರಹ. ನನ್ನ ಹೆಸರು, ಮುಂದೆ: ಅವನಿಗೂ ಕಾಣಿಸಿತು. ಆದ್ದರಿಂದ ಕಣ್ಣಲ್ಲ. ಸೋಮವಾರದ್ದು ರದ್ದು ಮಾಡಿದೆ.

ಈ ಮೂರು ಸಾಲುಗಳನ್ನು ನಾನು ಎಷ್ಟು ಹೊತ್ತು ಓದಿದೆನೋ ತಿಳಿಯದು. ಪುಟದ ಅಂಚಿನಲ್ಲಿ ಇನ್ನೊಂದು ಶಾಯಿಯಲ್ಲಿ, ಗೆರೆ ತಪ್ಪಿ ಬಲಕ್ಕೆ ಜಾರಿದ ಅಕ್ಷರಗಳಲ್ಲಿ, ಆಸ್ಪತ್ರೆಯಿಂದ ಬಂದ ಮೇಲೆ ಬರೆದದ್ದಿತ್ತು: ಅವನಿಗೆ ಕಾಣಿಸಿರಲಿಲ್ಲ. ಬಣ್ಣ ನಾನೇ ಹೇಳಿಕೊಟ್ಟೆ. ನಾನು ಹೇಳುವ ಮೊದಲು ಅವನಿಂದ ಬರೆಸಿಕೊಳ್ಳಬೇಕಿತ್ತು. ಪರೀಕ್ಷೆ ಮಾಡಿದವನ ತಪ್ಪು.

ಕೆಳಗೆ ಗೆರೆ ಎಳೆದು ಪುಟ ಮುಗಿಸಿದ್ದರು, ರಿಪೇರಿ ಮುಗಿದ ಯಂತ್ರಕ್ಕೆ ಎಳೆಯುತ್ತಿದ್ದ ಹಾಗೆಯೇ.

"ಒಂದು ಕೇಳ್ತೇನೆ," ಎಂದರು ಅಕ್ಕ. "ಅವರು ಬರೆದದ್ದು ಅವರದ್ದಾಯ್ತು. ನೀವು ಹೇಳಿ. ಆ ದಿನ ನಿಮಗೆ ಕಂಡಿತ್ತಾ?"

"ಇಲ್ಲ ಅಕ್ಕ. ಏನೂ ಕಂಡಿರ್ಲಿಲ್ಲ. ಸುಳ್ಳು ಹೇಳಿದೆ."

ನೆಲಮಾಳಿಗೆಯಲ್ಲಿ ಒಂದು ಫ್ಯಾನೂ ತಿರುಗುತ್ತಿರಲಿಲ್ಲ. ಅಷ್ಟು ಸದ್ದಿಲ್ಲದ ಆ ಕೋಣೆಯನ್ನು ನಾನು ಅದೇ ಮೊದಲು ಕಂಡದ್ದು. ಅಕ್ಕ ಚಹಾದ ಲೋಟವನ್ನು ನನ್ನ ಕಡೆ ಸರಿಸಿದರು. ನಾನು ಒಂದು ಗುಟುಕು ಕುಡಿದೆ.

"ಸಕ್ಕರೆ ಸರಿಯುಂಟಾ?"

"ಕಡಿಮೆ ಇದೆ ಅಕ್ಕ," ಎಂದೆ. "ಮೊದಲಿಂದಲೂ."

ಅವರು ಲೋಟ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದರು. ಮೇಲೆ ಡಬ್ಬಿಯ ಮುಚ್ಚಳ ತೆಗೆದದ್ದು, ಆಮೇಲೆ ಚಮಚ ಲೋಟಕ್ಕೆ ತಾಗುತ್ತ ಬಹಳ ಹೊತ್ತು ತಿರುಗಿದ್ದು, ಕೆಳಗೆ ಕೂತ ನನಗೆ ಕೇಳಿಸುತ್ತಿತ್ತು.